ಒಂದೇ ತಂಡ, ಇಬ್ಬರು ಚಾಲಕರು: ಯುವ ರೇಸರ್‌ನ ದಾರಿ ಎಲ್ಲಿ ಕವಲೊಡೆಯುತ್ತದೆ

ಎಲ್ಲರಿಗೂ ನಮಸ್ಕಾರ.

2024ರಲ್ಲಿ, ಫಾರ್ಮುಲಾ ಒನ್‌ಗಿಂತ ಒಂದೇ ಮೆಟ್ಟಿಲು ಕೆಳಗಿನ ಫಾರ್ಮುಲಾ ಟೂ (ಎಫ್‌ಟೂ) ಪಂದ್ಯಾವಳಿಯ ಇನ್ವಿಕ್ಟಾ ರೇಸಿಂಗ್ ತಂಡಕ್ಕೆ ಇಬ್ಬರು ಚಾಲಕರಿದ್ದರು. ಒಬ್ಬರು ಬ್ರೆಜಿಲ್‌ನ ಗಾಬ್ರಿಯೆಲ್ ಬೊರ್ಟೊಲೆಟೊ, ಇನ್ನೊಬ್ಬರು ನಮ್ಮ ಬೆಂಗಳೂರಿನ ಕುಶ್ ಮೈನಿ. ಇಬ್ಬರದೂ ಅದೇ ಡಲ್ಲಾರಾ ಚಾಸಿ, ಅದೇ ಮೆಕಾಕ್ರೋಮ್ ಟರ್ಬೊ ವಿ6 ಎಂಜಿನ್, ಅದೇ ಪಿರೆಲ್ಲಿ ಟೈರು. ವರ್ಷ ಮುಗಿದಾಗ ಬೊರ್ಟೊಲೆಟೊ ಚಾಂಪಿಯನ್. ಮರುವರ್ಷವೇ ಸೌಬರ್ ತಂಡದಲ್ಲಿ ಫಾರ್ಮುಲಾ ಒನ್ ಸೀಟು ಸಿಕ್ಕಿತು. ಕುಶ್ 13ನೇ ಸ್ಥಾನದಲ್ಲಿ ನಿಂತರು. ಆದರೆ ಆ ವರ್ಷದ ಮೊಟ್ಟಮೊದಲ ಕ್ವಾಲಿಫೈಯಿಂಗ್‌ನಲ್ಲಿ (ಓಟಕ್ಕೆ ಯಾರು ಎಲ್ಲಿ ನಿಲ್ಲಬೇಕೆಂದು ತೀರ್ಮಾನಿಸುವ ಸುತ್ತು), ಬಹರೇನ್‌ನಲ್ಲಿ, ಎಲ್ಲರಿಗಿಂತ ವೇಗದ ಸುತ್ತು ಹಾಕಿದವರು ಕುಶ್! ತಾಂತ್ರಿಕ ತಪಾಸಣೆಯಲ್ಲಿ ಕಾರು ನಿಯಮಕ್ಕೆ ಹೊಂದದೆ ಆ ಪೋಲ್, ಅಂದರೆ ಮೊದಲ ಸ್ಥಾನದಿಂದ ಹೊರಡುವ ಅವಕಾಶ, ಕೈತಪ್ಪಿತು. ಹಂಗೇರಿಯ ಸ್ಪ್ರಿಂಟ್‌ನಲ್ಲಿ (ಶನಿವಾರದ ಚಿಕ್ಕ ಓಟ) ಅಂಥದೇ ತಪಾಸಣೆ ಅವರ ಪಾಲಿಗೆ ಒಲಿಯಿತು: ಮೊದಲು ಗೆರೆ ದಾಟಿದ ರಿಚರ್ಡ್ ವರ್ಸ್ಖೋರ್ ಅನರ್ಹರಾದರು, ಗೆಲುವು ಕುಶ್‌ಗೆ ಬಂತು.

ಹಾಗಿದ್ದರೆ ವೇಗ ಇತ್ತು. ಆ ಮಟ್ಟಕ್ಕೆ ಬಂದ ಎಲ್ಲರಲ್ಲೂ ವೇಗ ಇರುತ್ತದೆ. ಇರುವ ನಾಲ್ಕಾರು ಸೆಟ್ ಟೈರು, ಸಿಕ್ಕ ಬೆರಳೆಣಿಕೆಯ ಸುತ್ತುಗಳನ್ನು ಯಾರು ಹೇಗೆ ಖರ್ಚು ಮಾಡುತ್ತಾರೆ ಎಂಬಲ್ಲಿ ದಾರಿ ಕವಲೊಡೆಯುತ್ತದೆ. ಇಂದಿನ ಮಾತೆಲ್ಲ ಅದರ ಬಗ್ಗೆಯೇ.

ಮಕ್ಕಳು ರೇಸಿಂಗ್ ಕಲಿಯುವ ಪುಟ್ಟ ತೆರೆದ ಗಾಡಿಯಾದ ಕಾರ್ಟ್‌ನಿಂದ ಶುರು ಮಾಡೋಣ. ಕಾರ್ಟ್‌ಗೆ ಸಸ್ಪೆನ್ಶನ್ ಇಲ್ಲ, ಡಿಫರೆನ್ಶಿಯಲ್ ಇಲ್ಲ. ಹಿಂದಿನ ಎರಡು ಚಕ್ರಗಳೂ ಒಂದೇ ಆಕ್ಸಲ್‌ಗೆ ಬಿಗಿದಿರುತ್ತವೆ. ತಿರುವಿನಲ್ಲಿ ಒಳಗಿನ ಚಕ್ರ ಕಡಿಮೆ ದೂರ ಓಡಬೇಕು, ಹೊರಗಿನದು ಹೆಚ್ಚು, ಆಕ್ಸಲ್ ಬಿಡುವುದಿಲ್ಲ. ಆದ್ದರಿಂದ ಒಳಗಿನ ಹಿಂಚಕ್ರ ಕ್ಷಣಕಾಲ ನೆಲ ಬಿಟ್ಟು ಏಳಲೇಬೇಕು. ಸ್ಟೀರಿಂಗ್ ತಿರುಗಿಸಿದಾಗ ಒಳಗಿನ ಮುಂಚಕ್ರ ಕೆಳಕ್ಕೆ ಒತ್ತುತ್ತದೆ, ಫ್ರೇಮ್ ತಿರುಚಿಕೊಳ್ಳುತ್ತದೆ, ಹಿಂಚಕ್ರ ಮೇಲೇಳುತ್ತದೆ. ಏಳದಿದ್ದರೆ ಕಾರ್ಟ್ ಮೂಗು ನೇರಕ್ಕೆ ತಳ್ಳುತ್ತದೆ, ತಿರುವಿನಿಂದ ಹೊರಬರುವಾಗ ಎಂಜಿನ್ ಉಸಿರುಗಟ್ಟುತ್ತದೆ. ಹಿಡಿತ ಅತಿಯಾದರೆ ತಿರುವಿನ ನಡುವೆ ಕಾರ್ಟ್ ಕುಪ್ಪಳಿಸುತ್ತದೆ; ಆಗ ಹಿಂದಿನ ಚಕ್ರಗಳ ಅಗಲ ಹೆಚ್ಚಿಸುತ್ತಾರೆ, ಇಲ್ಲವೇ ಸೀಟನ್ನು ಕೆಳಗಿಳಿಸುತ್ತಾರೆ. ಹತ್ತು ವರ್ಷದ ಹುಡುಗಿ ಪಿಟ್‌ಗೆ ಬಂದು "ಸರಿ ಹೋಗ್ತಿಲ್ಲ" ಅಂದರೆ ಮೆಕ್ಯಾನಿಕ್‌ಗೆ ಏನೂ ತಿಳಿಯದು. "ಮೂರನೇ ತಿರುವಿನ ನಡುವೆ ಕುಪ್ಪಳಿಸ್ತಿದೆ, ಐದನೇ ಸುತ್ತಿನ ನಂತರ" ಅಂದರೆ ಕೆಲಸ ಅರ್ಧ ಮುಗಿದಂತೆ. ಈ ಮಾತು ಕಲಿಯುವ ವಯಸ್ಸು ಅದೇ.

ನಮ್ಮ ಕಡೆಯ ಪೋಷಕರು ಗಮನಿಸಲೇಬೇಕಾದ ಒಂದು ಸಂಗತಿ ಇದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಗಾಳಿ ತೆಳು. ಇಲ್ಲಿ ಹದವಾಗಿ ಓಡುವ ಟೂ-ಸ್ಟ್ರೋಕ್ ಎಂಜಿನನ್ನು ಅದೇ ಜೆಟ್ (ಪೆಟ್ರೋಲ್ ಎಷ್ಟು ಹರಿಯಬೇಕೆಂದು ನಿರ್ಧರಿಸುವ ಸಣ್ಣ ರಂಧ್ರದ ಬಿಡಿಭಾಗ) ಇಟ್ಟು ಚೆನ್ನೈಗೆ ಒಯ್ದರೆ, ಅಲ್ಲಿನ ದಟ್ಟ ಗಾಳಿಗೆ ಪೆಟ್ರೋಲ್ ಸಾಲದಾಗುತ್ತದೆ. ಈ ಎಂಜಿನ್‌ಗೆ ಎಣ್ಣೆ ಬರುವುದೂ ಪೆಟ್ರೋಲ್ ಜೊತೆಗೇ. ಎರಡೂ ಕಡಿಮೆಯಾಗಿ ಪಿಸ್ಟನ್ ಕಾದು ಸಿಲಿಂಡರ್‌ಗೆ ಕಚ್ಚಿಕೊಳ್ಳುತ್ತದೆ. ಅಭ್ಯಾಸದ ಬಳಿಕ ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿ. ಕಾಫಿ ಬಣ್ಣವಿದ್ದರೆ ಸರಿ. ಬಿಳಿಚಿದ್ದರೆ ಮೇನ್ ಜೆಟ್ ದೊಡ್ಡದು ಹಾಕಿ. ಮಸಿ ಹಿಡಿದಿದ್ದರೆ ಚಿಕ್ಕದು. ಇದನ್ನು ಮೆಕ್ಯಾನಿಕ್‌ಗೆ ಬಿಟ್ಟು ಮಗು ಟೆಂಟ್‌ನಲ್ಲಿ ಫೋನ್ ನೋಡುತ್ತಾ ಕೂರುವುದು ನಮಗೆ ಸರಿ ಕಾಣುವುದಿಲ್ಲ.

ಕಾರ್ಟ್‌ನಿಂದ ಮುಂದಿನ ಮೆಟ್ಟಿಲಾದ ಫಾರ್ಮುಲಾ ಫೋರ್‌ಗೆ (ಎಫ್‌ಫೋರ್) ಹೋಗಲು 15 ವರ್ಷ ತುಂಬಿರಬೇಕು. ಭಾರತದಲ್ಲೇ ಎಫ್‌ಫೋರ್ ಪಂದ್ಯಾವಳಿ 2023ರಿಂದ ನಡೆಯುತ್ತಿದೆ. ಇಲ್ಲಿ ಹೆಚ್ಚಿನವರು ಎಡವುವುದು ಬ್ರೇಕ್‌ನಲ್ಲಿ. ಸಾಮಾನ್ಯ ಕಾರ್ಟ್‌ನಲ್ಲಿ ಬ್ರೇಕ್ ಇರುವುದು ಹಿಂದಿನ ಆಕ್ಸಲ್‌ಗೆ ಮಾತ್ರ. ಒತ್ತಿ, ಬಿಟ್ಟು, ತಿರುಗಿಸಿದರೆ ಆಯಿತು. ರೆಕ್ಕೆಗಳಿರುವ ಕಾರಿನಲ್ಲಿ ಲೆಕ್ಕ ಬೇರೆ. ಗಾಳಿಯ ಒತ್ತು ವೇಗದ ವರ್ಗಕ್ಕೆ ತಕ್ಕಂತೆ ಏರಿಳಿಯುತ್ತದೆ, ವೇಗ ಅರ್ಧಕ್ಕೆ ಇಳಿದರೆ ಆ ಒತ್ತು ಕಾಲುಭಾಗಕ್ಕೆ ಇಳಿಯುತ್ತದೆ. ಹಾಗಾಗಿ ಮೊದಲ ಏಟಿಗೇ ಪೆಡಲನ್ನು ಪೂರ್ತಿ ಬಲದಿಂದ ತುಳಿಯಬೇಕು, ಕಾರು ನಿಧಾನವಾದಂತೆ ಪಾದ ಸಡಿಲಿಸುತ್ತಾ ಬರಬೇಕು. ಹೊಸಬರು ಇದಕ್ಕೆ ತಿರುಗುಮುರುಗು ಮಾಡುತ್ತಾರೆ. ಮೊದಲು ಅಳುಕಿ ಮೆಲ್ಲಗೆ ತುಳಿದು, ತಿರುವು ಹತ್ತಿರ ಬಂದಾಗ ಗಾಬರಿಯಲ್ಲಿ ಜೋರಾಗಿ ಒತ್ತುತ್ತಾರೆ. ಆ ಹೊತ್ತಿಗೆ ಹಿಡಿತ ಉಳಿದಿರುವುದಿಲ್ಲ, ಮುಂಚಕ್ರ ಲಾಕ್ ಆಗಿ ಟೈರಿನ ಒಂದೇ ಭಾಗ ಸವೆದು ಚಪ್ಪಟೆಯಾಗುತ್ತದೆ. ಡೇಟಾ ಹಾಳೆಯಲ್ಲಿ ಬ್ರೇಕ್ ಒತ್ತಡದ ಗೆರೆ ಮೊದಲು ಕಡಿದಾಗಿ ಏರಿ ನಂತರ ಇಳಿಜಾರಾಗಿ ಇಳಿಯಬೇಕು. ಪ್ರತಿ ಅಭ್ಯಾಸದ ಬಳಿಕ ತಂಡದ ಇನ್ನೊಬ್ಬ ಚಾಲಕನ ಗೆರೆಯ ಮೇಲೆ ತನ್ನ ಗೆರೆ ಇಟ್ಟು ನೋಡುವ ಹುಡುಗ ಬೇಗ ಕಲಿಯುತ್ತಾನೆ.

ಎಫ್‌ಟೂ ತಲುಪಿದಾಗ ಕಲಿಯಲು ಸಮಯವೇ ಇರುವುದಿಲ್ಲ. ವಾರಾಂತ್ಯಕ್ಕೆ ಅಭ್ಯಾಸ 45 ನಿಮಿಷ, ಕ್ವಾಲಿಫೈಯಿಂಗ್ 30 ನಿಮಿಷ. ಅಭ್ಯಾಸ ಸಾಮಾನ್ಯವಾಗಿ ಗಟ್ಟಿ ಟೈರಿನಲ್ಲಿ ಮುಗಿಯುತ್ತದೆ, ಮೃದು ಟೈರನ್ನು ಮುಟ್ಟುವುದು ಕ್ವಾಲಿಫೈಯಿಂಗ್‌ನಲ್ಲೇ. ಫಾರ್ಮುಲಾ ಒನ್‌ನಲ್ಲಿರುವಂತೆ ಟೈರ್ ಬಿಸಿ ಮಾಡುವ ಹೊದಿಕೆ ಇಲ್ಲ, ಟೈರು ತಣ್ಣಗೇ ಪಿಟ್‌ನಿಂದ ಹೊರಡುತ್ತದೆ. ಬ್ರೇಕ್‌ನ ಕಾವನ್ನು ರಿಮ್ ಮೂಲಕ ಟೈರಿಗೆ ಏರಿಸುತ್ತಾ, ಮುಂದಿನ ಮತ್ತು ಹಿಂದಿನ ಟೈರುಗಳು ಒಟ್ಟಿಗೆ ಹದಕ್ಕೆ ಬರುವಂತೆ ನೋಡಿಕೊಳ್ಳಬೇಕು. ಅವಸರ ಮಾಡಿದರೆ ಮೇಲ್ಮೈ ಸುಟ್ಟು ಒಳಗಿನ ರಬ್ಬರ್ ತಣ್ಣಗೇ ಉಳಿಯುತ್ತದೆ. ನಿಧಾನಿಸಿದರೆ ಮೊದಲ ಎರಡು ತಿರುವುಗಳಲ್ಲೇ ಸುತ್ತು ಹೋಯಿತು. ಇಂಥದ್ದರಲ್ಲಿ ಒಂದೆರಡು ಹತ್ತನೇ ಭಾಗದ ಸೆಕೆಂಡ್ ಕಳೆದರೆ ಐದಾರು ಸ್ಥಾನ ಹಿಂದೆ. ಜೊತೆಗೆ ಎಫ್‌ಟೂ ಕಾರಿಗೆ ಪವರ್ ಸ್ಟೀರಿಂಗ್ ಇಲ್ಲ. ಭುಜ, ಮುಂಗೈ ಸೋತರೆ ಕೊನೆಯ ಸುತ್ತುಗಳಲ್ಲಿ ಟೈರು ಉಳಿಸುವ ಸೂಕ್ಷ್ಮವೂ ಸೋರಿಹೋಗುತ್ತದೆ.

ಆ ಸ್ಥಾನಗಳ ಬೆಲೆ ನೋಡಿ. ಶನಿವಾರದ ಸ್ಪ್ರಿಂಟ್‌ಗೆ ಕ್ವಾಲಿಫೈಯಿಂಗ್‌ನ ಮೊದಲ ಹತ್ತು ಮಂದಿಯ ಕ್ರಮ ತಿರುಗುತ್ತದೆ, ಹತ್ತನೆಯವರು ಮುಂದೆ ನಿಲ್ಲುತ್ತಾರೆ. 2025ರ ಮೇ ತಿಂಗಳಲ್ಲಿ ಮೊನಾಕೊದ ಸ್ಪ್ರಿಂಟನ್ನು ಕುಶ್ ಹೀಗೆ ಮುಂದಿನಿಂದ ಹೊರಟು ಗೆದ್ದರು. ಆ ಬೀದಿಗಳಲ್ಲಿ ಎಫ್‌ಟೂ ಗೆದ್ದ ಮೊದಲ ಭಾರತೀಯರು ಅವರು. ಗೋಡೆಗಳ ನಡುವೆ ತಪ್ಪಿಲ್ಲದೆ ಮುನ್ನಡೆ ಕಾಯ್ದ ಆ ಓಟ ಹೆಮ್ಮೆ ಪಡುವಂಥದ್ದು. ಆದರೆ ಸ್ಪ್ರಿಂಟ್ ಗೆಲುವಿಗೆ 10 ಅಂಕ, ಭಾನುವಾರದ ಫೀಚರ್, ಅಂದರೆ ಮುಖ್ಯ ಓಟದ ಗೆಲುವಿಗೆ 25. ಭಾನುವಾರ ಕ್ರಮ ತಿರುಗುವುದಿಲ್ಲ.

ಇದರ ಪರಿಣಾಮ ಸೂಪರ್ ಲೈಸೆನ್ಸ್ ಮೇಲೆ, ಅಂದರೆ ಫಾರ್ಮುಲಾ ಒನ್ ಓಡಿಸಲು ಬೇಕಾದ ಪರವಾನಗಿಯ ಮೇಲೆ. ಅದಕ್ಕೆ ಮೂರು ವರ್ಷದಲ್ಲಿ 40 ಲೈಸೆನ್ಸ್ ಅಂಕ ಬೇಕು; ಇವು ಓಟದ ಅಂಕಗಳಲ್ಲ, ವರ್ಷದ ಕೊನೆಯ ಸ್ಥಾನಕ್ಕೆ ಸಿಗುವಂಥವು. ಎಫ್‌ಟೂನಲ್ಲಿ ಮೊದಲ ಮೂವರಿಗೆ ತಲಾ 40, ನಾಲ್ಕನೆಯವರಿಗೆ 30, ಐದನೆಯವರಿಗೆ 20, ಆರನೆಯವರಿಗೆ 10. ಹತ್ತನೆಯವರಿಗೆ ಬರೀ 3. ಹನ್ನೊಂದಕ್ಕೆ ಏನೂ ಇಲ್ಲ. ಕುಶ್ 2023ರಲ್ಲಿ ಮುಗಿಸಿದ್ದು 11ರಲ್ಲಿ, 2024ರಲ್ಲಿ 13ರಲ್ಲಿ. ಫಾರ್ಮುಲಾ ಒನ್ ತಂಡ ಆಲ್ಪೀನ್‌ನ ಯುವ ಚಾಲಕರ ಅಕಾಡೆಮಿಯ ಬೆಂಬಲವಿದ್ದರೂ ಆ ಎರಡು ವರ್ಷಗಳಿಂದ ಲೈಸೆನ್ಸ್ ಖಾತೆಗೆ ಸೊನ್ನೆ. ಎಫ್‌ಫೋರ್ ಚಾಂಪಿಯನ್‌ಗೆ 12, ಎಫ್‌ತ್ರೀ ಚಾಂಪಿಯನ್‌ಗೆ 30 ಅಂಕ ಎಂಬುದನ್ನು ಪಕ್ಕದಲ್ಲಿಟ್ಟು, ಯಾವ ವರ್ಷ ಯಾವ ಮೆಟ್ಟಿಲು ಎಂದು ಮನೆಯವರು ಮೊದಲೇ ಲೆಕ್ಕ ಹಾಕಬೇಕು. ಮೂರು ವರ್ಷದ ಹಿಂದಿನ ಅಂಕ ಕಳಚಿಹೋಗುತ್ತದೆ. ಪ್ರತಿ ವರ್ಷ ಕೋಟಿಗಟ್ಟಲೆ ಹಣ ಸುರಿಯುವವರಿಗೆ ಇದು ಸಣ್ಣ ವಿಷಯವಲ್ಲ.

ಫಾರ್ಮುಲಾ ಒನ್ ಸಿಗದಿದ್ದರೆ ವೃತ್ತಿ ಮುಗಿಯಿತೇ? ಕುಶ್ ಅವರ ಅಣ್ಣ ಅರ್ಜುನ್ ಮೈನಿಯನ್ನು ನೋಡಿ. 2014ರ ಬ್ರಿಟಿಷ್ ಎಫ್‌ಫೋರ್ ಹಂತದ ಬಿಆರ್‌ಡಿಸಿ ಪಂದ್ಯಾವಳಿಯಲ್ಲಿ ಜಾರ್ಜ್ ರಸೆಲ್ ಚಾಂಪಿಯನ್, ಎರಡನೇ ಸ್ಥಾನ ಅರ್ಜುನ್‌ಗೆ. 2017ರಲ್ಲಿ ಬಾರ್ಸಿಲೋನಾದಲ್ಲಿ ಜಿಪಿತ್ರೀ (ಇಂದಿನ ಎಫ್‌ತ್ರೀ ಹಂತದ ಪಂದ್ಯಾವಳಿ) ಓಟ ಗೆದ್ದರು, 2018ರಲ್ಲಿ ಎಫ್‌ಟೂಗೆ ಬಂದರು, ಫಾರ್ಮುಲಾ ಒನ್‌ನ ಹಾಸ್ ತಂಡದ ಡೆವಲಪ್‌ಮೆಂಟ್ ಚಾಲಕರೂ ಆಗಿದ್ದರು. 2021ರಲ್ಲಿ ಜರ್ಮನಿಯ ಡಿಟಿಎಂ ಪಂದ್ಯಾವಳಿಯಲ್ಲಿ ಜಿಟಿತ್ರೀ ಕಾರು (ರಸ್ತೆಯ ಸ್ಪೋರ್ಟ್ಸ್ ಕಾರಿನಿಂದ ರೂಪಿಸಿದ ರೇಸ್ ಕಾರು) ಓಡಿಸಲು ಶುರು ಮಾಡಿದರು. ಕಾರು ತಯಾರಿಸುವ ಕಂಪನಿಗಳೇ ಚಾಲಕರಿಗೆ ಸಂಬಳ ಕೊಡುವ ಕ್ಷೇತ್ರ ಇದು. ನಮ್ಮ ಹುಡುಗರು ಇದನ್ನು ಸೋಲು ಎಂದುಕೊಳ್ಳದೆ ಹದಿನೆಂಟರಲ್ಲೇ ಕಣ್ಣಿಡಬೇಕು. ಕಲಿತದ್ದರಲ್ಲಿ ಕೆಲವನ್ನು ಮರೆಯಬೇಕಾಗುತ್ತದೆ, ಅಷ್ಟೇ. ಜಿಟಿತ್ರೀ ಕಾರು ಸಿಂಗಲ್ ಸೀಟರ್‌ಗಿಂತ ಎಷ್ಟೋ ಭಾರ, ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವುದು) ಮತ್ತು ಟ್ರ್ಯಾಕ್ಷನ್ ಕಂಟ್ರೋಲ್ (ವೇಗ ಏರಿಸುವಾಗ ಚಕ್ರ ಜಾರದಂತೆ ತಡೆಯುವುದು) ಎರಡೂ ಇರುತ್ತವೆ. ಪೆಡಲನ್ನು ಎಬಿಎಸ್ ಕೆಲಸ ಶುರು ಮಾಡುವವರೆಗೂ ತುಳಿಯಬಹುದು, ಆದರೆ ಅದರ ಮೇಲೆಯೇ ಒರಗಿದರೆ ಮುಂದಿನ ಟೈರು ಬೇಗ ಕಾಯುತ್ತದೆ. ಟೈರು ಸವೆದಂತೆ ಸ್ಟೀರಿಂಗ್ ಮೇಲಿನ ಗುಂಡಿಯಿಂದ ಎರಡರ ಮಟ್ಟವನ್ನೂ ಓಟದ ನಡುವೆಯೇ ಬದಲಿಸುತ್ತಿರಬೇಕು. ಮೊದಲ ಟೆಸ್ಟ್‌ಗೆ ಹೋಗುವ ಮುನ್ನ ಆ ಗುಂಡಿಗಳ ಜಾಗ ಕಣ್ಣು ಮುಚ್ಚಿದರೂ ಕೈಗೆ ಗೊತ್ತಿರಲಿ.