ರೈಲು ಬಿಟ್ಟುಕೊಟ್ಟ ದಾರಿ

ಕೇಳುಗರಿಗೆ ನಮಸ್ಕಾರ. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವ ರೈಲು ಮಾರ್ಗವನ್ನು ಗೇಜ್ ಪರಿವರ್ತನೆಗೆಂದು ಮುಚ್ಚಿದ್ದ ವರ್ಷಗಳಲ್ಲಿ ಚಾರಣಿಗರು ಎಡಕುಮೇರಿಯ ಹಳಿಯ ಮೇಲೆ ನಡೆಯುತ್ತಿದ್ದರು. ನಾನೂ ನಡೆದಿದ್ದೇನೆ. ಒಂದೊಂದೇ ಸ್ಲೀಪರಿನ ಮೇಲೆ ಕಾಲಿಟ್ಟರೆ ಹೆಜ್ಜೆ ತೀರ ಗಿಡ್ಡ, ಒಂದನ್ನು ದಾಟಿಸಿ ಇಟ್ಟರೆ ತೀರ ಉದ್ದ, ನಡುವೆ ಇಟ್ಟರೆ ಜಲ್ಲಿ. ಸಂಜೆಗೆ ಮೊಣಕಾಲು ಮಾತು ಕೇಳುತ್ತಿರಲಿಲ್ಲ. ಈಗ ಅಲ್ಲಿ ಮತ್ತೆ ರೈಲು ಓಡುತ್ತಿದೆ. ಹಳಿಯ ಮೇಲೆ ನಡೆದರೆ ಅಪರಾಧ.

ನ್ಯೂಜಿಲೆಂಡಿನ ಒಟಾಗೊದಲ್ಲಿ ಹಳಿ, ಸ್ಲೀಪರುಗಳನ್ನೇ ಕಿತ್ತು ಸಣ್ಣ ಜಲ್ಲಿ ಹಾಸಿದ್ದಾರೆ. ಮಿಡ್ಲ್‌ಮಾರ್ಚ್‌ನಿಂದ ಕ್ಲೈಡ್‌ವರೆಗೆ 152 ಕಿಲೋಮೀಟರ್, ಸೈಕಲ್ಲಿಗೂ ನಡೆಯುವವರಿಗೂ ಕುದುರೆ ಸವಾರರಿಗೂ ಮೀಸಲು. ಅಷ್ಟು ದೂರಕ್ಕೆ ರೈಲು ತಲುಪಲು 1891ರಿಂದ 1907ರವರೆಗೆ ಹದಿನಾರು ವರ್ಷ ಹಿಡಿದಿತ್ತು. ಮುಂದೆ ಸರಕನ್ನೆಲ್ಲ ಲಾರಿಗಳು ಕಸಿದುಕೊಂಡವು. ಕ್ಲೈಡ್ ಅಣೆಕಟ್ಟಿನ ಸಾಮಗ್ರಿ ಹೊರುವ ಕೆಲಸದಿಂದ ಕೆಲವು ಕಾಲ ಜೀವ ಹಿಡಿದಿದ್ದ ಮಾರ್ಗ 1990ರಲ್ಲಿ ನಿಂತಿತು. ಅದೇ ಅಣೆಕಟ್ಟಿನ ಹಿನ್ನೀರು ಕ್ಲೈಡ್‌ನಿಂದಾಚೆಯ ಹಳಿಯ ಜಾಡನ್ನು ನುಂಗಿದ್ದು ಬೇರೆ ಮಾತು. 2000ದಲ್ಲಿ ಸೈಕಲ್ ದಾರಿ ಪೂರ್ತಿಯಾಗಿ ತೆರೆಯಿತು.

ಇಲ್ಲಿ ಸುಖ ಕೊಡುವುದು ರೈಲಿನ ಒಂದು ದೌರ್ಬಲ್ಯ. ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿ ಬೇಗ ಜಾರುತ್ತದೆ, ಕಡಿದಾದ ಏರು ಅದಕ್ಕಾಗದು. ಅದಕ್ಕೇ ಎಂಜಿನಿಯರುಗಳು ಗುಡ್ಡ ಕಡಿದು, ಕಣಿವೆಗೆ ಸೇತುವೆ ಕಟ್ಟಿ, ಐವತ್ತು ಮೀಟರಿಗೆ ಒಂದು ಮೀಟರಿಗಿಂತ ಹೆಚ್ಚು ಏರದಂತೆ ದಾರಿ ಎಳೆದರು. ನಮ್ಮ ಘಾಟಿಯ ಲೆಕ್ಕವೂ ಇದೇ. ಒಟಾಗೊದ ದಾರಿಯ ಅತಿ ಎತ್ತರದ ಜಾಗ ಸಮುದ್ರಮಟ್ಟದಿಂದ 618 ಮೀಟರ್ ಇದ್ದರೂ ಅರವತ್ತು ದಾಟಿದವರು ಹರಟುತ್ತಲೇ ತುಳಿಯುತ್ತಾರೆ. ಎದುರುಗಾಳಿ ಬೀಸಿದರೆ ಮಾತ್ರ ಹರಟೆ ನಿಲ್ಲುತ್ತದೆ.

ಪೂಲ್‌ಬರ್ನ್ ಕಮರಿಯ ಸುರಂಗಗಳಲ್ಲಿ ದೀಪವಿಲ್ಲ. ಒಳಗೆ ಹೊಕ್ಕ ಸ್ವಲ್ಪ ಹೊತ್ತಿಗೆ ಹಿಂದಿನ ಬೆಳಕು ಕುಗ್ಗುತ್ತದೆ, ಕೈಗೆ ತಣ್ಣನೆಯ ಕಲ್ಲು ತಾಗುತ್ತದೆ, ಟೈರಿನಡಿಯ ಜಲ್ಲಿಯ ಸದ್ದು ಗೋಡೆಗೆ ಬಡಿದು ದುಪ್ಪಟ್ಟಾಗಿ ಮರಳುತ್ತದೆ. ಟಾರ್ಚ್ ಹಿಡಿದು ಸೈಕಲ್ ತಳ್ಳಿಕೊಂಡು ನಡೆಯುವುದೇ ಕ್ಷೇಮ. ಅಲ್ಲೇ ಹತ್ತಿರದ ಸೇತುವೆಯ ಕಲ್ಲಿನ ಕಂಬಗಳನ್ನು ನಿಂತು ನೋಡಬೇಕು. ಕಲ್ಲುಕುಟಿಗರ ಕೆಲಸ ಇನ್ನೂ ಅಲುಗಿಲ್ಲ.

ಮೊದಲು ಈ ಯೋಜನೆಯನ್ನು ಸುತ್ತಲಿನ ರೈತರಲ್ಲಿ ಅನೇಕರು ಒಪ್ಪಿರಲಿಲ್ಲ. ತಮ್ಮ ಕುರಿಗಳ ನಡುವೆ ಊರವರಲ್ಲದವರು ಓಡಾಡುವುದು ಯಾರಿಗೆ ಬೇಕು? ಆಮೇಲೆ ಸೈಕಲ್ಲಿನವರಿಗೆ ಹಸಿವೂ ಆಗುತ್ತದೆ, ನಿದ್ದೆಯೂ ಬರುತ್ತದೆ ಎಂದು ತಿಳಿಯಿತು. ವೆಡರ್‌ಬರ್ನ್‌ನಲ್ಲಿ ರೈಲು ನಿಂತ ಮೇಲೆ ಸಾಗಿಸಿಬಿಟ್ಟಿದ್ದ ಹಸಿರು ಬಣ್ಣದ ಗೂಡ್ಸ್ ಶೆಡ್ಡನ್ನು ಮತ್ತೆ ಹೊತ್ತು ತಂದು ಹಳೆಯ ಜಾಗದಲ್ಲೇ ನಿಲ್ಲಿಸಿದ್ದಾರೆ. ಗೂಡ್ಸ್ ಬರುವುದಿಲ್ಲ. ಅದರ ಗೋಡೆಗೆ ಸೈಕಲ್ ಒರಗಿಸಿ ಜನ ಬುತ್ತಿ ಬಿಚ್ಚುತ್ತಾರೆ.