ಎಣಿಕೆಗೆ ಸಿಗದ ಕೊಂತೀನಿ

ಕೇಳುಗರಿಗೆ ನಮಸ್ಕಾರ.

ಒಬ್ಬ ವಿದ್ವಾಂಸರು ಎಷ್ಟು ದೊಡ್ಡವರು ಅಂತ ಕೇಳಿದರೆ ಈಗ ಒಂದು ಅಂಕಿ ಮುಂದೆ ಬರುತ್ತದೆ. ಅವರ ಬರಹವನ್ನು ಬೇರೆಯವರು ಎಷ್ಟು ಸಲ ಉಲ್ಲೇಖಿಸಿದ್ದಾರೆ? ಇದೇ ಸೈಟೇಶನ್ ಲೆಕ್ಕ. 2005ರಲ್ಲಿ ಭೌತವಿಜ್ಞಾನಿ ಹೋರ್ಹೆ ಹಿರ್ಷ್ ಲೇಖನಗಳನ್ನೂ ಉಲ್ಲೇಖಗಳನ್ನೂ ಸೇರಿಸಿ ಒಂದೇ ಅಂಕಿಯಲ್ಲಿ ಹೇಳುವ ಎಚ್-ಇಂಡೆಕ್ಸ್ ಸೂಚಿಸಿದ ಮೇಲೆ ಇದಕ್ಕೆ ಇನ್ನೂ ಬೇಡಿಕೆ ಬಂತು. ವಿಜ್ಞಾನದವರಿಗೆ ಒಂದು ಮಟ್ಟಿಗೆ ಸರಿ ಅನ್ನೋಣ. ಸಾಹಿತ್ಯ ಓದುವವರಿಗೆ? ಇಟಲಿಯ ಜಾನ್‌ಫ್ರಾಂಕೊ ಕೊಂತೀನಿ ಎಂಬ ಸಾಹಿತ್ಯ ವಿಮರ್ಶಕರ ವಿಚಾರ ನೋಡಿ.

ಕೊಂತೀನಿ ಹುಟ್ಟಿದ್ದು 1912ರಲ್ಲಿ, ಸ್ವಿಸ್ ಗಡಿಗೆ ಹತ್ತಿರದ ದೋಮೊದೊಸ್ಸೊಲ ಊರಿನಲ್ಲಿ. ತೀರಿಕೊಂಡದ್ದೂ ಅಲ್ಲೇ, 1990ರಲ್ಲಿ. ಸ್ವಿಟ್ಜರ್ಲೆಂಡಿನ ಫ್ರೀಬೂರ್, ಆಮೇಲೆ ಫ್ಲಾರೆನ್ಸ್, ಕೊನೆಗೆ ಪೀಸಾ, ಹೀಗೆ ಮೂರು ಕಡೆ ಮೇಷ್ಟ್ರಾಗಿದ್ದರು.

ಅವರ ಹೆಸರು ನಿಂತಿರುವುದು ಕವಿಗಳ ತಿದ್ದುಪಡಿಗಳ ಮೇಲೆ. ಅರಿಯೋಸ್ತೊ ಎಂಬ ಕವಿಯ ದೊಡ್ಡ ಕಾವ್ಯ 'ಓರ್ಲಾಂದೊ ಫುರಿಯೋಸೊ' 1516ರಲ್ಲಿ ಅಚ್ಚಾದಾಗ ಅದರಲ್ಲಿ 40 ಸರ್ಗಗಳಿದ್ದವು. ಕವಿ ಬಿಡಲಿಲ್ಲ, ತಿದ್ದುತ್ತಲೇ ಹೋದರು. 1532ರ ಕೊನೆಯ ಆವೃತ್ತಿಯ ಹೊತ್ತಿಗೆ ಸರ್ಗಗಳು 46 ಆಗಿದ್ದವು. ಭಾಷೆಯೂ ಟಸ್ಕನಿ ಪ್ರಾಂತದ ನುಡಿಯ ಕಡೆಗೆ ವಾಲಿತ್ತು. ಅವರ ಕೈಬರಹದ ಕೆಲವು ಹಾಳೆಗಳು ಉಳಿದುಕೊಂಡಿವೆ. 1937ರಲ್ಲಿ ಆ ಹಾಳೆಗಳು ಪುಸ್ತಕವಾಗಿ ಬಂದಾಗ ಕೊಂತೀನಿ ಒಂದು ಲೇಖನ ಬರೆದರು. ಆಗ ಅವರಿಗೆ ಬರೀ ಇಪ್ಪತ್ತೈದು. ಗ್ರಂಥ ಸಂಪಾದನೆ ಮಾಡುವವರು ಪಾಠಾಂತರ, ಅಂದರೆ ಒಂದೇ ಸಾಲಿನ ಬೇರೆ ಬೇರೆ ರೂಪ, ನೋಡುತ್ತಿದ್ದದ್ದು ಸರಿಯಾದ ಪಾಠ ಯಾವುದು ಅಂತ ತೀರ್ಮಾನಿಸಲಿಕ್ಕೆ. ಇವರು ಕೇಳಿದ್ದೇ ಬೇರೆ. ಕವಿ ಈ ಸಾಲನ್ನು ಯಾಕೆ ಹೊಡೆದುಹಾಕಿದ? ಬದಲಿಗೆ ಬರೆದದ್ದು ಕಾವ್ಯವನ್ನು ಯಾವ ಕಡೆ ಎಳೆಯಿತು? ಕಾವ್ಯ ಅಂದರೆ ಮುಗಿದ ವಸ್ತು ಅಲ್ಲ, ನಡೆಯುತ್ತಿರುವ ಕೆಲಸ ಅನ್ನುವ ನೋಟ ಅವರದು.

ಆ ಕಾಲದ ಹಿರಿಯ ವಿಮರ್ಶಕ ಬೆನೆದೆತ್ತೊ ಕ್ರೋಚೆಗೆ ಇದು ಸೇರಲಿಲ್ಲ. 1947ರಲ್ಲಿ ಇಂಥ ಓದನ್ನು ಹಂಗಿಸಿ ಬರೆದರು. ಕವಿಗಳ ರದ್ದಿ ಕರಡು ಕೆದಕಿದರೆ ಕವಿತೆ ಹುಟ್ಟಿದ ಬಗೆ ತಿಳಿದೀತೇ ಅಂತ. ಕೊಂತೀನಿ ಮಾಡಿದ್ದೇನು ಗೊತ್ತೇ? ಮರುವರ್ಷ ಉತ್ತರ ಬರೆದು, ಅದಕ್ಕೆ 'ರದ್ದಿ ಕರಡುಗಳ ವಿಮರ್ಶೆ' ಅಂತಲೇ ಹೆಸರಿಟ್ಟರು!

ಈಗಿನ ಲೆಕ್ಕದಲ್ಲಿ ಬೈದು ಉಲ್ಲೇಖಿಸಿದರೂ ಒಂದು ಸೈಟೇಶನ್, ಮೆಚ್ಚಿ ಉಲ್ಲೇಖಿಸಿದರೂ ಒಂದು. ಸುಮ್ನೆ ಅಡಿಟಿಪ್ಪಣಿಯಲ್ಲಿ ಹೆಸರು ತುರುಕಿದರೂ ಒಂದೇ. ಇನ್ನೊಂದು ತಮಾಷೆ ಇದೆ. ಕೊಂತೀನಿ 1939ರಲ್ಲಿ ಇಟಲಿಯ ಹಳೆಯ ಮಹಾಕವಿ ದಾಂತೆಯ ಬಿಡಿ ಕವಿತೆಗಳಿಗೆ ಟಿಪ್ಪಣಿ ಬರೆದು ಪ್ರಕಟಿಸಿದರು. 1960ರಲ್ಲಿ ಹದಿಮೂರನೇ ಶತಮಾನದ ಕವಿಗಳನ್ನು ಎರಡು ಸಂಪುಟಗಳಲ್ಲಿ ಸಂಪಾದಿಸಿದರು. ಆ ಸಂಪುಟಗಳನ್ನು ಬಿಡಿಸಿ ಓದಿದವರು ಕವಿತೆಯ ಸಾಲು ಎತ್ತಿಕೊಂಡಾಗ ಬರೆಯುವುದು ಕವಿಯ ಹೆಸರು ಅಲ್ವಾ? ಸಂಪಾದಕರ ದುಡಿಮೆ ಎಷ್ಟೋ ಸಲ ಎಣಿಕೆಗೇ ಬರುವುದಿಲ್ಲ. ಹಳೆಯ ಇಟಾಲಿಯನ್ ಪುಸ್ತಕಗಳನ್ನಂತೂ ಸೈಟೇಶನ್ ಎಣಿಸುವ ಕೋಶಗಳು ಸರಿಯಾಗಿ ಒಳಗೆ ಬಿಟ್ಟುಕೊಂಡೇ ಇಲ್ಲ. ಇಂಗ್ಲಿಷ್ ಪತ್ರಿಕೆಗಳಿಗೇ ಅಲ್ಲಿ ಜಾಸ್ತಿ ಜಾಗ.

ಇಟಲಿ ಸರ್ಕಾರಕ್ಕೂ ಈ ತೊಡಕು ಗೊತ್ತಿದೆ. 2010ರ ಕಾನೂನಿನ ಪ್ರಕಾರ ಅಲ್ಲಿ ಪ್ರೊಫೆಸರ್ ಆಗಬೇಕಾದರೆ ರಾಷ್ಟ್ರಮಟ್ಟದ ಅರ್ಹತೆ ಪಡೆಯಬೇಕು. ವಿಜ್ಞಾನದವರಿಗೆ ಸೈಟೇಶನ್ ನೋಡುತ್ತಾರೆ. ಇಟಾಲಿಯನ್ ಸಾಹಿತ್ಯದವರಿಗೆ ಅದು ಬೇಡ ಅಂತ ಬಿಟ್ಟಿದ್ದಾರೆ. ಆದರೆ ಎಣಿಕೆ ಮಾತ್ರ ಬಿಟ್ಟಿಲ್ಲ! ಎಷ್ಟು ಪುಸ್ತಕ, ಎಷ್ಟು ಲೇಖನ, 'ಎ' ದರ್ಜೆ ಪತ್ರಿಕೆಗಳಲ್ಲಿ ಎಷ್ಟು ಅನ್ನುವ ಪಟ್ಟಿ ಕೇಳುತ್ತಾರೆ. ಆ ಕಾನೂನು ಬಂದ ಮೇಲೆ ಇಟಲಿಯ ವಿಜ್ಞಾನಿಗಳು ತಮ್ಮವರನ್ನೇ ಉಲ್ಲೇಖಿಸಿಕೊಳ್ಳುವುದು ಬೇರೆ ದೊಡ್ಡ ದೇಶಗಳಿಗಿಂತ ಹೆಚ್ಚಾಯಿತು ಅಂತ 2019ರ ಅಧ್ಯಯನವೊಂದು ತೋರಿಸಿತು. ಅಳತೆಗೋಲು ಕೊಟ್ಟರೆ ಜನ ಅದಕ್ಕೆ ತಕ್ಕಂತೆ ಉದ್ದವಾಗುತ್ತಾರೆ.

ಎಣಿಕೆಗೆ ಸಿಗದ ಇನ್ನೊಂದು ಸಂಗತಿ ಕೇಳಿ. 1942ರಲ್ಲಿ ಇಪ್ಪತ್ತು ವರ್ಷದ ಹುಡುಗನೊಬ್ಬ ಈಶಾನ್ಯ ಇಟಲಿಯ ಫ್ರಿಯೂಲಿ ನುಡಿಯಲ್ಲಿ ಬರೆದ ಪುಟ್ಟ ಕವನ ಸಂಕಲನವನ್ನು ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದ. ಪ್ರಾಂತೀಯ ನುಡಿಗಳ ಮೇಲೆ ಫ್ಯಾಸಿಸ್ಟ್ ಸರ್ಕಾರದ ಕೆಂಗಣ್ಣಿದ್ದ ಕಾಲ ಅದು. ಕೊಂತೀನಿ ಅದನ್ನು ಮೆಚ್ಚಿ ಬರೆದ ವಿಮರ್ಶೆ 1943ರಲ್ಲಿ ಅಚ್ಚಾದದ್ದು ಸ್ವಿಟ್ಜರ್ಲೆಂಡಿನ ಒಂದು ದಿನಪತ್ರಿಕೆಯಲ್ಲಿ. ಯಾವ 'ಎ' ದರ್ಜೆಗೂ ಸೇರುವ ಬರಹ ಅಲ್ಲ ಅದು. ಆ ಹುಡುಗ ಮುಂದೆ ಕವಿ, ಸಿನಿಮಾ ನಿರ್ದೇಶಕ ಅಂತ ಹೆಸರಾದ ಪಿಯೆರ್ ಪಾವೊಲೊ ಪಸೋಲಿನಿ. 1954ರಲ್ಲಿ ತನ್ನ ಫ್ರಿಯೂಲಿ ಕವಿತೆಗಳನ್ನೆಲ್ಲ ಒಂದೇ ಪುಸ್ತಕವಾಗಿ ತಂದಾಗ ಆತ ಅದನ್ನು ಕೊಂತೀನಿಯವರಿಗೆ ಅರ್ಪಿಸಿದ.

ನಮಸ್ಕಾರ.