ದೇವರುಗಳ ಖಾತೆ ಹಂಚಿಕೆ

ಕೇಳುಗರಿಗೆಲ್ಲ ನಮಸ್ಕಾರ. ರಜೆ ಬಂತೆಂದರೆ ಊಟಿ, ಜೋಗ, ಮೈಸೂರು ಅರಮನೆ ಅಂತ ಮನೆಯಲ್ಲಿ ಪಟ್ಟಿ ಶುರುವಾಗುತ್ತದೆ. ಅವೇನೂ ಓಡಿಹೋಗುವುದಿಲ್ಲ, ಇರಲಿ ಬಿಡಿ. ಇವತ್ತು ಸ್ವಲ್ಪ ಅಡ್ಡದಾರಿ ಹಿಡಿಯೋಣ. ನಮ್ಮ ದೇಶದಲ್ಲಿ ದೇವರುಗಳಿಗೂ ಮಂತ್ರಿಮಂಡಲದ ಹಾಗೆ ಖಾತೆ ಹಂಚಿಕೆಯಾಗಿದೆ ಎಂಬುದು ನನ್ನ ಗುಮಾನಿ.

ಮೊದಲು ಸಾರಿಗೆ ಖಾತೆ. ರಾಜಸ್ಥಾನದ ಪಾಲಿ ಬಳಿ, ಜೋಧ್‌ಪುರದ ಹೆದ್ದಾರಿ ಬದಿಯಲ್ಲಿ, ಗಾಜಿನ ಗೂಡಿನೊಳಗೆ ಹೂವಿನ ಹಾರ ಹಾಕಿಕೊಂಡು ನಿಂತಿರುವುದು ಒಂದು ಬುಲೆಟ್ ಬೈಕು. ನಂಬರು ಆರ್‌ಎನ್‌ಜೆ 7773. 1988ರಲ್ಲಿ ಓಂ ಸಿಂಗ್ ರಾಥೋಡ್ ಎಂಬ ಯುವಕ ಇದೇ ಬೈಕಿನಲ್ಲಿ ಮರಕ್ಕೆ ಗುದ್ದಿ ತೀರಿಕೊಂಡ. ಪೊಲೀಸರು ಬೈಕನ್ನು ಠಾಣೆಗೆ ಒಯ್ದರೆ, ಬೆಳಗಾಗುವುದರೊಳಗೆ ಅದು ಮತ್ತೆ ಅದೇ ಮರದ ಹತ್ತಿರ! ಪೆಟ್ರೋಲು ಬಸಿದು ಸರಪಳಿ ಬಿಗಿದರೂ ನಿಲ್ಲಲಿಲ್ಲವಂತೆ. ಠಾಣೆ ಸೇರಿದ ಗಾಡಿ ಕೋರ್ಟು, ಅರ್ಜಿ, ಓಡಾಟ ಏನೂ ಇಲ್ಲದೆ ಆಚೆ ಬಂತೆಂದರೆ, ಅದು ಪವಾಡವಲ್ಲ ಎನ್ನಲು ನನಗಂತೂ ಧೈರ್ಯವಿಲ್ಲ. ಈಗ ಆತ ಓಂ ಬನ್ನಾ, ಬುಲೆಟ್ ಬಾಬಾ. ಹಾದುಹೋಗುವ ಲಾರಿಗಳು ಹಾರನ್ ಹೊಡೆದು ನಮಸ್ಕಾರ ಹಾಕುತ್ತವೆ. ಕ್ಷೇಮವಾಗಿ ಊರು ಮುಟ್ಟಲಿ ಅಂತ ಭಕ್ತರು ಒಪ್ಪಿಸುವ ಹರಕೆಗಳಲ್ಲಿ ಮದ್ಯದ ಬಾಟಲಿಯೂ ಉಂಟು. ರಸ್ತೆ ಸುರಕ್ಷತಾ ಇಲಾಖೆಯವರು ದಯವಿಟ್ಟು ರೇಡಿಯೊ ಸ್ವಲ್ಪ ಸಣ್ಣ ಮಾಡಿಕೊಳ್ಳಿ.

ವಿದೇಶಾಂಗ ಖಾತೆ ಹೈದರಾಬಾದ್ ಹೊರವಲಯದ ಚಿಲ್ಕೂರು ಬಾಲಾಜಿಯದು. ಜನ ಕರೆಯುವುದು ವೀಸಾ ಬಾಲಾಜಿ. ಹರಕೆ ಹೊರುವಾಗ 11 ಪ್ರದಕ್ಷಿಣೆ, ಕೆಲಸ ಆದ ಮೇಲೆ 108. ಲೆಕ್ಕ ತಪ್ಪಬಾರದಲ್ಲ, ಅದಕ್ಕೆ ಅಂಕಿಗಳನ್ನು ಅಚ್ಚು ಹಾಕಿದ ಚೀಟಿ. ಒಂದೊಂದು ಸುತ್ತಿಗೂ ಒಂದೊಂದು ಮನೆಗೆ ಗೀಟು ಎಳೆಯಬೇಕು. ಒಂದು ಕೈಯಲ್ಲಿ ಚೀಟಿ, ಇನ್ನೊಂದರಲ್ಲಿ ಪೆನ್ನು, ಬಾಯಲ್ಲಿ ಗೋವಿಂದ, ಹಿಂದಿನಿಂದ ತಳ್ಳುವ ಜನ. ಅಮೆರಿಕದ ವಿಮಾನ ನಿಲ್ದಾಣಗಳ ಸಾಲಿನಲ್ಲಿ ನಿಲ್ಲಲು ಇದಕ್ಕಿಂತ ಒಳ್ಳೆಯ ತರಬೇತಿ ಸಿಗಲಿಕ್ಕಿಲ್ಲ. ಒಂದು ಮಾತು ಮೆಚ್ಚಲೇಬೇಕು: ಇಲ್ಲಿ ಹುಂಡಿಯೂ ಇಲ್ಲ, ವಿಐಪಿ ಸಾಲೂ ಇಲ್ಲ. ದೊಡ್ಡ ದೊಡ್ಡ ಕ್ಷೇತ್ರಗಳ ಹೆಸರು ನಾನು ಹೇಳುವುದಿಲ್ಲ, ನಿಮಗೇ ಗೊತ್ತು.

ಗೃಹ ಖಾತೆ ಯಾರದು? ಮಹಾರಾಷ್ಟ್ರದ ಶಿಂಗಣಾಪುರದ ಶನಿದೇವರದು. ಕದ್ದವರನ್ನು ಶನಿ ಸುಮ್ಮನೆ ಬಿಡುವುದಿಲ್ಲ ಎಂಬ ನಂಬಿಕೆಯಿಂದ ಅಲ್ಲಿ ಮನೆಗಳಿಗೆ ಬಾಗಿಲು ಇಡುವ ಪದ್ಧತಿಯೇ ಇರಲಿಲ್ಲ. 2011ರಲ್ಲಿ ಯೂಕೋ ಬ್ಯಾಂಕು ಕೂಡ ಬೀಗವಿಲ್ಲದ ಶಾಖೆ ಅಂತಲೇ ಅಲ್ಲಿ ಕಾಲಿಟ್ಟಿತು. ಕೋರ್ಟಿನ ಶಿಕ್ಷೆಗಾದರೆ ಜಾಮೀನಿದೆ, ಮೇಲ್ಮನವಿಯಿದೆ. ಸಾಡೇಸಾತಿಗೆ ಏನಿದೆ ಹೇಳಿ?

ನಮ್ಮ ಚನ್ನಪಟ್ಟಣಕ್ಕೂ ಒಂದು ಖಾತೆ ಸಿಕ್ಕಿದೆ. ಬೊಂಬೆ ಕೊಳ್ಳಲು ಹೋದವರು ಹಾಗೇ ಅಗ್ರಹಾರ ವಳಗೆರೆಹಳ್ಳಿಗೆ ಹೋಗಿಬನ್ನಿ. ಅಲ್ಲಿ ಗುಡಿಯೊಳಗೆ ಜೋಡಿ ನಾಯಿಗಳ ವಿಗ್ರಹಕ್ಕೆ ಪೂಜೆ. ಊರಿನ ಎರಡು ನಾಯಿಗಳು ಕಾಣೆಯಾದವು, ಹುಡುಕಿಕೊಡಿ ಅಂತ ಗ್ರಾಮದೇವತೆ ಕೆಂಪಮ್ಮ ಕನಸಿನಲ್ಲಿ ಬಂದು ಹೇಳಿದಳು, ಎಷ್ಟು ಹುಡುಕಿದರೂ ಸಿಗದಾಗ ಅವಕ್ಕೇ ಗುಡಿ ಕಟ್ಟಿದರು ಎಂಬುದು ಪ್ರತೀತಿ. ಈಗ ಊರಿನ ಕಾವಲು ಅವುಗಳದೇ. ಕಳೆದದ್ದು ಸಿಗದಿದ್ದರೆ ಅದಕ್ಕೊಂದು ಗುಡಿ ಕಟ್ಟುವ ಈ ಕ್ರಮ ನಮ್ಮ ಮನೆಯಲ್ಲೂ ಜಾರಿಗೆ ಬಂದರೆ, ನನ್ನ ಕನ್ನಡಕ, ಕೊಡೆ, ಸ್ಕೂಟರಿನ ಕೀಲಿಕೈಗೆಲ್ಲ ಮೂರು ಹೊತ್ತು ಮಂಗಳಾರತಿ. ನಮಸ್ಕಾರ.